ಮಗುವಿನ ಮಾತನ್ನು ಮಗುವಿಗೇ ಬಿಡಿ: ಪ್ರತಿಭಾ ಕಾರಂಜಿಯ ಕುರಿತು ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಮಾನ್ಯ ಸಚಿವರಿಗೆ, ಹಾಗೂ ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವ ತಂದೆ ತಾಯಂದಿರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಹಾವೇರಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಶಿಕ್ಷಕ ನಾನು. ಸೇವೆಯಲ್ಲಿದ್ದಾಗಲೂ ಆಮೇಲೂ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ, ತಾಲ್ಲೂಕು ಮಟ್ಟದ ಪ್ರತಿಭಾ ಕಾರಂಜಿಗಳಿಗೆ, ಅಂದರೆ ಇಲಾಖೆ ಶಾಲಾ ಮಕ್ಕಳಿಗಾಗಿ ನಡೆಸುವ ಹಾಡು, ಮಾತು, ಕಲೆಗಳ ಸ್ಪರ್ಧೆಗಳಿಗೆ, ತೀರ್ಪುಗಾರನಾಗಿ ಹೋಗುತ್ತಾ ಬಂದಿದ್ದೇನೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಕೊಠಡಿಗೊಂದು ಸ್ಪರ್ಧೆಯಂತೆ ಹಂಚಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಹಾಡು, ಮಾತು, ಚಿತ್ರ, ಅಭಿನಯಗಳಲ್ಲಿ ಕಳೆಯುವ ಆ ದಿನ ನನಗೆ ವರ್ಷದ ಬೇರೆಲ್ಲ ದಿನಗಳಿಗಿಂತ ಪ್ರಿಯವಾದದ್ದು. ಆ ಪ್ರೀತಿಯಿಂದಲೇ ಈ ಪತ್ರವನ್ನು ಬರೆಯುತ್ತಿದ್ದೇನೆ. ಮಗುವಿನ ಸ್ವಂತಿಕೆಯನ್ನು ಹೊರಗೆ ತರಬೇಕೆಂದು ಹುಟ್ಟಿಕೊಂಡ ಈ ವೇದಿಕೆಯಲ್ಲಿ ಈಗ ಮಗುವಿನ ಸ್ವಂತ ಮಾತಿಗೇ ಜಾಗವಿಲ್ಲದಂತಾಗಿದೆ ಎಂಬುದು ನನ್ನ ಅಹವಾಲು. ಅದನ್ನು ಸರಿಪಡಿಸಲು ದೊಡ್ಡ ಹಣವಾಗಲಿ ಹೊಸ ಯೋಜನೆಯಾಗಲಿ ಬೇಕಿಲ್ಲ. ಇಲಾಖೆ ಪ್ರತಿ ವರ್ಷ ಹೊರಡಿಸುವ ಸುತ್ತೋಲೆಯಲ್ಲಿ ಕೆಲವು ಸಾಲುಗಳನ್ನು ಬದಲಿಸಿದರೆ ಸಾಕು.

ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದು ಬಂದಿರುವ ಪ್ರತಿಭಾ ಕಾರಂಜಿಯ ಉಪಕಾರವನ್ನು ಮೊದಲು ನೆನೆಯುವುದು ನ್ಯಾಯ. ಪಾಠದ ಹೊರಗಿನದೆಲ್ಲ ಸಮಯ ವ್ಯರ್ಥ ಎಂಬ ಭಾವನೆ ಬಲವಾಗಿದ್ದ ಸಮಯದಲ್ಲಿ, ಸರ್ಕಾರವೇ ಮುಂದೆ ನಿಂತು ಜಾನಪದ ಗೀತೆ, ಕಂಠಪಾಠ, ಅಭಿನಯ ಗೀತೆ, ಕಥೆ ಹೇಳುವುದು, ಛದ್ಮವೇಷ, ಚಿತ್ರಕಲೆ, ರಂಗೋಲಿ, ಮಿಮಿಕ್ರಿ, ಆಶುಭಾಷಣ, ಚರ್ಚೆ ಇವೆಲ್ಲವೂ ಶಾಲೆಯ ಕೆಲಸವೇ ಎಂದು ಒಪ್ಪಿಕೊಂಡಿತು. ಅಂಕಪಟ್ಟಿಯಲ್ಲಿ ಹಿಂದೆ ಬಿದ್ದ ಎಷ್ಟೋ ಮಕ್ಕಳು ಮೊಟ್ಟಮೊದಲು ಚಪ್ಪಾಳೆ ಕೇಳಿಸಿಕೊಂಡದ್ದು ಈ ವೇದಿಕೆಯಲ್ಲಿ. ಕ್ಲಸ್ಟರ್‌ನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯ ಮಟ್ಟಕ್ಕೆ ಏರುವ ಅವಕಾಶ ಹಳ್ಳಿಯ ಮಗುವಿಗೂ ಇದೆ ಎಂಬುದು ಸಣ್ಣ ಸಂಗತಿಯಲ್ಲ.

ಆದರೆ ಏರುವ ಮೆಟ್ಟಿಲುಗಳು ಇರುವ ಕಡೆ ಏರಿಸುವವರೂ ಬರುತ್ತಾರೆ. ಶಾಲೆಯ ಹೆಸರು, ಶಿಕ್ಷಕರ ಮಾನ, ಪೋಷಕರ ಆಸೆ ಎಲ್ಲವೂ ಸೇರಿ ಮಗುವಿನ ಬೆನ್ನ ಮೇಲೆ ಕುಳಿತಿವೆ. ಅದರ ಪರಿಣಾಮ ಅತ್ಯಂತ ಸ್ಪಷ್ಟವಾಗಿ ಕಾಣುವುದು ಆಶುಭಾಷಣದಲ್ಲಿ. ಚೀಟಿ ಎತ್ತಿ, ಅಲ್ಲಿ ಬಂದ ವಿಷಯದ ಮೇಲೆ ಕೆಲವೇ ನಿಮಿಷಗಳಲ್ಲಿ ಯೋಚಿಸಿ ಮಾತನಾಡಬೇಕಾದ ಈ ಸ್ಪರ್ಧೆಗೆ ಮಕ್ಕಳು ಹತ್ತಾರು ಸಿದ್ಧ ಭಾಷಣಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಚೀಟಿಗಳಲ್ಲಿ ಬರುವ ವಿಷಯಗಳೂ ಸಾಮಾನ್ಯವಾಗಿ ಗೊತ್ತಿರುವವೇ: ಪರಿಸರ ಸಂರಕ್ಷಣೆ, ನೀರಿನ ಮಹತ್ವ, ಸ್ವಚ್ಛ ಭಾರತ, ಮೊಬೈಲ್‌ನ ದುಷ್ಪರಿಣಾಮ, ನಾನು ಮೆಚ್ಚಿದ ನಾಯಕ. ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನಿಷ್ಪಕ್ಷಪಾತ ತೀರ್ಪುಗಾರರೇ’ ಎಂದು ಮೊದಲಾಗುವ ಪೀಠಿಕೆ ಎಲ್ಲ ಶಾಲೆಗಳಲ್ಲೂ ಒಂದೇ. ನಡುವೆ ಒಂದು ವಚನ, ಕೊನೆಗೆ ಒಂದು ಘೋಷಣೆ. ವಿಷಯ ಬದಲಾದರೆ ನಡುವಿನ ನಾಲ್ಕು ವಾಕ್ಯಗಳು ಬದಲಾಗುತ್ತವೆ. ಮಗುವಿನ ಕಣ್ಣು ಎದುರಿಗಿರುವವರ ಮೇಲೆ ಇರುವುದಿಲ್ಲ. ಮುಂದಿನ ಸಾಲನ್ನು ನೆನಪಿನಲ್ಲಿ ಹುಡುಕುತ್ತಾ ಗೋಡೆಯ ಮೇಲೆಲ್ಲೋ ನೆಟ್ಟಿರುತ್ತದೆ.

ಒಂದು ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ‘ನೀರಿನ ಮಹತ್ವ’ ಎಂಬ ಚೀಟಿ ಬಂತು. ಆಕೆ ಪೀಠಿಕೆ ಹಾಕಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ‘ನಮ್ಮ ಓಣಿಗೆ ಕಡೀಕ ನೀರ ಬಿಡ್ತಾರ್ರಿ’ ಎಂದು ಶುರು ಮಾಡಿದಳು. ನೀರಗಂಟಿ ಮೊದಲು ಊರ ಮುಂದಿನ ಓಣಿಗಳ ವಾಲ್ವ್ ತಿರುಗಿಸುತ್ತಾನೆ, ಅವರ ಓಣಿಯ ಪಾಳಿ ಬರುವ ಹೊತ್ತಿಗೆ ಟಾಕಿ ತಳ ಕಂಡಿರುತ್ತದೆ, ನೀರು ನಳದ ಬಾಯಿಯವರೆಗೆ ಏರುವುದಿಲ್ಲ, ಆದ್ದರಿಂದ ಎಲ್ಲರೂ ನಳವನ್ನು ಕತ್ತರಿಸಿ ಗಿಡ್ಡ ಮಾಡಿಸಿ, ಬುಡದಲ್ಲಿ ಗುಂಡಿ ತೋಡಿಕೊಂಡಿದ್ದಾರೆ, ಕೊಡವನ್ನು ಗುಂಡಿಯೊಳಗೆ ಇಳಿಸಿಟ್ಟರೆ ಮಾತ್ರ ತುಂಬುತ್ತದೆ ಎಂದು ವಿವರಿಸಿದಳು. ಮಳೆಗಾಲದಲ್ಲಿ ಆ ಗುಂಡಿಗೆ ರಸ್ತೆಯ ರಾಡಿ ಇಳಿಯುತ್ತದೆ, ತುಂಬಿದ ಕೊಡ ಎತ್ತುವಾಗ ಅವ್ವನ ಸೊಂಟ ಹಿಡಿಯುತ್ತದೆ ಎಂದಳು. ನಡುವೆ ಎರಡು ಸಲ ತಡವರಿಸಿ ನಿಂತಳು. ಸಮಯ ಮುಗಿದ ಗಂಟೆ ಬಾರಿಸಿದಾಗ ವಾಕ್ಯ ಅರ್ಧಕ್ಕೇ ನಿಂತಿತ್ತು.

ಆ ಕೊಠಡಿಯಲ್ಲಿ ಅಂದು ನಾವು ಕೇಳಿದ ಭಾಷಣಗಳಲ್ಲಿ ನೀರಿನ ಒತ್ತಡ, ಹಂಚಿಕೆಯ ನ್ಯಾಯ, ಹೆಂಗಸರ ದುಡಿಮೆ, ಊರಿನ ಆರೋಗ್ಯ ಇವೆಲ್ಲವೂ ಒಂದೇ ನಳದ ಸುತ್ತ ಕೂಡಿಬಂದದ್ದು ಆಕೆಯ ಮಾತಿನಲ್ಲಿ ಮಾತ್ರ. ನಾನು ಆಕೆಗೆ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟೆ. ಜೊತೆಗಿದ್ದ ಇಬ್ಬರು ತೀರ್ಪುಗಾರರು ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ, ಗ್ರಾಂಥಿಕ ಭಾಷೆ ಇಲ್ಲ, ನಿರರ್ಗಳತೆ ಇಲ್ಲ ಎಂದು ಕಳೆದರು. ಅವರು ಕೆಟ್ಟವರಲ್ಲ, ಪಕ್ಷಪಾತಿಗಳೂ ಅಲ್ಲ. ಅವರ ಕೈಯಲ್ಲಿದ್ದ ಅಂಕದ ಹಾಳೆಯಲ್ಲಿ ಇದ್ದ ಕಾಲಂಗಳೇ ಅವು. ಸ್ವಂತ ಅನುಭವಕ್ಕೆ, ಸ್ವಂತ ವಿಚಾರಕ್ಕೆ ಅಲ್ಲಿ ಕಾಲಂ ಇರಲಿಲ್ಲ. ಬಹುಮಾನ ಪಡೆದ ಭಾಷಣ ಭೂಮಿಯ ಶೇ 71 ಭಾಗ ನೀರಿನಿಂದ ಆವೃತವಾಗಿದೆ ಎಂದು ಆರಂಭವಾಗಿ ‘ಜಲವೇ ಜೀವನ’ ಎಂದು ಮುಗಿಯಿತು. ಅದನ್ನು ಒಪ್ಪಿಸಿದ ಹುಡುಗನ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಅವನ ಮನೆಗೆ ನೀರು ಹೇಗೆ ಬರುತ್ತದೆ ಎಂಬುದು ಅವನ ಭಾಷಣದಿಂದ ನಮಗೆ ತಿಳಿಯಲಿಲ್ಲ.

ಬಾಯಿಪಾಠವನ್ನು ನಾನು ಹಳಿಯುತ್ತಿದ್ದೇನೆ ಎಂದು ದಯವಿಟ್ಟು ಭಾವಿಸಬೇಡಿ. ಕಂಠಪಾಠ ಎಂಬ ಸ್ಪರ್ಧೆಯೇ ಪ್ರತ್ಯೇಕವಾಗಿ ಇದೆ, ಮತ್ತು ಅದು ಇರಬೇಕು. ಕುಮಾರವ್ಯಾಸನ ಷಟ್ಪದಿಯನ್ನು, ಬಸವಣ್ಣ ಅಕ್ಕಮಹಾದೇವಿಯರ ವಚನಗಳನ್ನು ಎಳೆಯ ವಯಸ್ಸಿನಲ್ಲಿ ನಾಲಿಗೆಯ ಮೇಲೆ ಇಳಿಸಿಕೊಂಡ ಮಗುವಿಗೆ ಆ ಸಂಪತ್ತು ಕೊನೆಯವರೆಗೂ ಉಳಿಯುತ್ತದೆ. ಕವಿಯ ಮಾತನ್ನು ಕವಿಯ ಮಾತೆಂದೇ ಒಪ್ಪಿಸುವುದರಲ್ಲಿ ಯಾವ ಸುಳ್ಳೂ ಇಲ್ಲ. ಇನ್ನೊಬ್ಬರು ಬರೆದುಕೊಟ್ಟದ್ದನ್ನು ಈಗ ತಾನೇ ತನಗೆ ಹೊಳೆದದ್ದೆಂಬಂತೆ ನಟಿಸಲು ನಾವು ಹದಿನಾಲ್ಕು ವರ್ಷದ ಮಗುವಿಗೆ ಕಲಿಸುತ್ತಿದ್ದೇವಲ್ಲ, ನನ್ನ ಸಂಕಟ ಅದು. ಸಿದ್ಧತೆಗೂ ಆಶುತ್ವಕ್ಕೂ ವಿರೋಧವಿಲ್ಲ ಎಂಬುದಕ್ಕೆ ನಮ್ಮಲ್ಲೇ ಬಹು ದೊಡ್ಡ ಪರಂಪರೆಯಿದೆ. ಕರಾವಳಿಯ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪ್ರಸಂಗದ ಪದ್ಯ ಮೊದಲೇ ಬರೆದಿಟ್ಟದ್ದು. ಅದಕ್ಕೆ ಅರ್ಥ ಹೇಳುವ ಅರ್ಥಧಾರಿಯ ಮಾತು ಆ ರಾತ್ರಿ, ಎದುರಾಳಿಯ ಮಾತಿಗೆ ಪ್ರತಿಯಾಗಿ, ಅಲ್ಲೇ ಹುಟ್ಟಿದ್ದು. ಆ ಅರ್ಥಧಾರಿ ವರ್ಷಗಟ್ಟಲೆ ಓದಿರುತ್ತಾನೆ, ಹಿರಿಯರನ್ನು ಕೇಳಿರುತ್ತಾನೆ, ಪುರಾಣದ ಒಳಹೊರಗನ್ನು ಬಲ್ಲವನಾಗಿರುತ್ತಾನೆ. ಆದರೂ ಎದುರು ಕುಳಿತ ಕೃಷ್ಣ ಏನು ಕೇಳುತ್ತಾನೆಂಬುದು ಕರ್ಣನಿಗೆ ಮೊದಲೇ ಗೊತ್ತಿರುವುದಿಲ್ಲ. ಓದಿನಿಂದ ಬಂದ ಬಲ ಮತ್ತು ಆ ಕ್ಷಣದ ಹೊಳಹು ಎರಡೂ ಕೂಡಿದಾಗ ಏನಾಗುತ್ತದೆಂದು ಕಂಡುಂಡ ನಾಡು ನಮ್ಮದು. ಅಂಥ ನಾಡಿನ ಶಾಲೆಗಳಲ್ಲಿ ಆಶುಭಾಷಣ ಈ ಸ್ಥಿತಿಗೆ ಬರಬಾರದಿತ್ತು.

ಬೇರೆ ಸ್ಪರ್ಧೆಗಳ ಕಥೆಯೂ ಹೆಚ್ಚು ಭಿನ್ನವಿಲ್ಲ. ಛದ್ಮವೇಷದಲ್ಲಿ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಒನಕೆ ಓಬವ್ವ ಸಾಲಾಗಿ ನಿಲ್ಲುತ್ತಾರೆ. ಉಡುಪು ಬಾಡಿಗೆಯದು, ಸಂಭಾಷಣೆ ಯೂಟ್ಯೂಬಿನದು, ಬಾಡಿಗೆ ಕೊಡಲಾಗದ ಮನೆಯ ಮಗು ಸ್ಪರ್ಧೆಗೆ ಹೆಸರೇ ಕೊಡುವುದಿಲ್ಲ. ಜೇಡಿಮಣ್ಣಿನ ಸ್ಪರ್ಧೆಯಲ್ಲಿ ಗಣಪತಿ ಮತ್ತು ಶಿವಲಿಂಗಗಳ ನಡುವೆ ಒಮ್ಮೆ ಒಬ್ಬ ಹುಡುಗ ಕೆಸರಿನಲ್ಲಿ ಮಲಗಿದ ಎಮ್ಮೆಯನ್ನು, ಅದರ ಬೆನ್ನ ಮೇಲೆ ಕುಳಿತ ಹಕ್ಕಿಯನ್ನು ಮಾಡಿದ್ದ. ಎಮ್ಮೆಯ ಕಾಲುಗಳು ಕಾಣದಂತೆ ಮೈಯಡಿಗೆ ಮಡಚಿದ್ದವು. ಎಮ್ಮೆ ಮಲಗುವುದನ್ನು ದಿನವೂ ನೋಡಿದವನಿಗಷ್ಟೇ ತಿಳಿಯುವ ಮಡಿಕೆ ಅದು.

ಜಾನಪದ ಗೀತೆಯ ವಿಷಯ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಬೀಸುಕಲ್ಲಿನ ಮುಂದೆ ಕುಳಿತು ತ್ರಿಪದಿ ಹಾಡಿದ ನಮ್ಮ ಗರತಿಯರು ತವರನ್ನು, ಅಣ್ಣನನ್ನು, ತೊಟ್ಟಿಲ ಕೂಸನ್ನು, ಊರ ದೇವರನ್ನು ಆಯಾ ಹೊತ್ತಿನ ಮನಸ್ಸಿಗೆ ತಕ್ಕಂತೆ ಮೂರು ಸಾಲಿಗೆ ಇಳಿಸುತ್ತಿದ್ದರು. ಧಾಟಿ ಎಲ್ಲರದು, ಮಾತು ಅವರವರದು. ಇಂದು ಅದೇ ಹೆಸರಿನ ಸ್ಪರ್ಧೆಯಲ್ಲಿ ಮಗು ಬ್ಲೂಟೂತ್ ಸ್ಪೀಕರಿನಿಂದ ಬರುವ ಕರೋಕೆಗೆ ಧ್ವನಿ ಸೇರಿಸುತ್ತದೆ, ಮತ್ತು ಧ್ವನಿಮುದ್ರಿತ ಹಾಡಿನ ಗಾಯಕರು ಎಲ್ಲಿ ಉಸಿರು ಎಳೆದರೋ ಅಲ್ಲೇ ಉಸಿರು ಎಳೆದರೆ ಮೆಚ್ಚುಗೆ ಪಡೆಯುತ್ತದೆ. ಅದೇ ಮಗುವಿನ ಅಜ್ಜಿಗೆ ಸೋಬಾನೆ ಪದಗಳು ಬರುತ್ತವೆಯೋ, ಊರಿನಲ್ಲಿ ಭಜನೆಯ ಮೇಳವೋ ಡೊಳ್ಳಿನ ಪದವೋ ಇದೆಯೋ ಎಂದು ಕೇಳುವವರು ಯಾರೂ ಇಲ್ಲ.

ಇನ್ನು ತರಗತಿಯೊಳಗಿನ ಮಾತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು, ಕಲಿಕೆಯನ್ನು ಉರು ಹೊಡೆಯುವುದರಿಂದ ಬಿಡಿಸಬೇಕು ಎಂದು ಸ್ಪಷ್ಟವಾಗಿ ಹೇಳಿತು. ಆ ಆಶಯದಲ್ಲೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂತು, ಅದರ ರೂಪಣಾತ್ಮಕ ಪರೀಕ್ಷೆಗಳಲ್ಲಿ ಚಟುವಟಿಕೆ, ಯೋಜನಾ ಕಾರ್ಯಗಳು ಸೇರಿದವು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಸಿಗಲಾರದು. ಆದರೆ ಶಾಲೆಯ ಎದುರಿನ ಸ್ಟೇಷನರಿ ಅಂಗಡಿಗೆ ಹೋಗಿ ನೋಡಿ: ಮುದ್ರಿಸಿಟ್ಟ ಚಾರ್ಟುಗಳು, ಅಂಟಿಸಲು ಕತ್ತರಿಸಿಟ್ಟ ಚಿತ್ರಗಳ ಹಾಳೆಗಳು, ಥರ್ಮಾಕೋಲಿನ ಮಳೆ ನೀರು ಕೊಯ್ಲಿನ ಮಾದರಿಗಳು. ಮಗು ಮಾಡಬೇಕಾದ ಕೆಲಸ ತಂದೆಯ ಜೇಬಿನಿಂದ ಅಂಗಡಿಯ ಗಲ್ಲಾಕ್ಕೆ ಹೋಗಿ, ಅಲ್ಲಿಂದ ಶಾಲೆಯ ಕಪಾಟಿಗೆ ಬಂದು ಅಂಕವಾಗುತ್ತದೆ. ಊಟದ ಲೆಕ್ಕ, ವಿದ್ಯಾರ್ಥಿಗಳ ವಿವರ ತುಂಬುವ ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯ ದಾಖಲೆ, ಹತ್ತು ಬಗೆಯ ವರದಿಗಳ ನಡುವೆ ಸಿಕ್ಕಿಕೊಂಡ ಶಿಕ್ಷಕರಿಗೆ ಅದನ್ನು ತಡೆದು ಪ್ರಶ್ನಿಸುವ ಬಿಡುವು ಇಲ್ಲವೆಂಬುದನ್ನು ನಾನು ಅವರ ಪರವಾಗಿಯೇ ಹೇಳುತ್ತೇನೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಂಗಡಿಗೆ ಹೋಗುವ ಶ್ರಮವೂ ಉಳಿದಿಲ್ಲ. ಪ್ರಬಂಧ, ಭಾಷಣ, ಸ್ವಾಗತ ಗೀತೆ, ಚರ್ಚೆಗೆ ಪರ ಮತ್ತು ವಿರೋಧದ ವಾದಗಳು, ಎಲ್ಲವನ್ನೂ ಫೋನು ಒಪ್ಪವಾದ ಕನ್ನಡದಲ್ಲಿ ಬರೆದುಕೊಡುತ್ತದೆ. ಇದರಿಂದ ಗಾಬರಿಗೊಂಡ ಅನೇಕ ಮಿತ್ರರು ಫೋನನ್ನು ಕಿತ್ತುಕೊಳ್ಳಬೇಕೆಂದು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಯಂತ್ರ ಬರುವುದಕ್ಕೆ ಬಹಳ ಮೊದಲೇ ನಾವು ಮಕ್ಕಳಿಂದ ಯಂತ್ರದಂಥ ಮಾತನ್ನು ಕೇಳಲು ಆರಂಭಿಸಿದ್ದೆವು. ಯಾರು ಬರೆದರೂ ಒಂದೇ ಆಗಿರುವ, ಯಾವ ಊರಿಗೂ ಸೇರದ, ತಪ್ಪಿಲ್ಲದ, ತಡವರಿಕೆಯಿಲ್ಲದ ಭಾಷಣವನ್ನು ಬಹುಮಾನ ಕೊಟ್ಟು ಬೆಳೆಸಿದವರು ನಾವು. ಅಂಥದ್ದನ್ನೇ ಕ್ಷಣಾರ್ಧದಲ್ಲಿ ಮಾಡಿಕೊಡುವ ಸಾಧನ ಈಗ ಬಂದಿದೆ. ಆದ್ದರಿಂದ ಬದಲಾಗಬೇಕಾದದ್ದು ನಾವು ಕೇಳುವ ಪ್ರಶ್ನೆ. ‘ನೀರಿನ ಮಹತ್ವ’ವನ್ನು ಯಂತ್ರ ಬರೆಯಬಲ್ಲದು, ಆ ಹುಡುಗಿಯ ನಳದ ಬುಡದ ಗುಂಡಿ ಎಷ್ಟು ಆಳ, ಅದನ್ನು ತೋಡಿದವರು ಯಾರು, ಪಕ್ಕದ ಮನೆಯವರೊಂದಿಗೆ ಅದಕ್ಕಾಗಿ ಆದ ಜಗಳವೇನು ಎಂಬುದನ್ನು ಅವಳೇ ಹೇಳಬೇಕು. ಒಂದು ಮಗುವಿಗೆ ಮಾತ್ರ ಗೊತ್ತಿರುವುದನ್ನು ಆ ಮಗುವಿನಿಂದ ಕೇಳಿದರೆ, ನಕಲು ಮಾಡಲು ಎಲ್ಲಿಯೂ ಮೂಲ ಸಿಗುವುದಿಲ್ಲ.

ತಂದೆ ತಾಯಂದಿರಲ್ಲಿ ಒಂದು ಮಾತು. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಪಕ್ಕದ ಮನೆಯ ಮಗುವಿನ ನೃತ್ಯ, ಸಂಭಾಷಣೆ, ಶ್ಲೋಕಗಳ ರೀಲ್ಸ್ ದಿನವೂ ನಿಮ್ಮ ಫೋನಿಗೆ ಬರುವಾಗ ನಿಮ್ಮ ಮಗು ಹಿಂದೆ ಬಿದ್ದಿತೇನೋ ಎಂಬ ಭಯ ಹುಟ್ಟುವುದು ಸಹಜ. ಸಿನಿಮಾದ ಸಂಭಾಷಣೆಗೆ ಮಗು ತುಟಿ ಆಡಿಸಿದರೆ ನೂರಾರು ಮೆಚ್ಚುಗೆ ಬೀಳುತ್ತವೆ. ಅದೇ ಮಗು ಮಧ್ಯಾಹ್ನವೆಲ್ಲ ಹಿತ್ತಲಲ್ಲಿ ಕುಳಿತು ಇರುವೆಯ ಸಾಲನ್ನು ನೋಡಿದರೆ ಅದನ್ನು ಯಾರಿಗೂ ತೋರಿಸಲು ಬರುವುದಿಲ್ಲ. ಆದರೂ ನಾಳೆ ಅದು ಏನನ್ನಾದರೂ ಹೊಸದಾಗಿ ಹೇಳಿದರೆ ಆ ಮಧ್ಯಾಹ್ನದಿಂದಲೇ ಹೇಳುತ್ತದೆ. ಮಗುವಿಗೆ ಬೇಸರವಾಗಲು ಬಿಡಿ, ಕೆಟ್ಟ ಚಿತ್ರ ಬರೆಯಲು ಬಿಡಿ, ಭಾಷಣವನ್ನು ಅದೇ ಬರೆದು ಅದೇ ಹರಿದು ಹಾಕಲಿ. ನೀವು ಬರೆದುಕೊಟ್ಟ ಸುಂದರವಾದ ಪುಟಕ್ಕೆ ಬಹುಮಾನ ಬಂದಾಗ, ಬಂದದ್ದು ನಿಮಗೆ ಎಂಬುದು ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ. ತನ್ನ ಮಾತು ಸಾಲದು ಎಂಬ ಪಾಠವನ್ನು ಅದು ಅಂದೇ ಕಲಿತುಬಿಡುತ್ತದೆ.

ಸಚಿವರೇ, ಮಗುವಿನ ಸ್ವಂತಿಕೆಯನ್ನು ನಂಬಿದವರು ಈ ನಾಡಿನಲ್ಲಿ ಮೊದಲಿನಿಂದಲೂ ಇದ್ದಾರೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಮಾಡಿದರು. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುವ ಚಿಣ್ಣರ ಮೇಳದಲ್ಲಿ ಮಕ್ಕಳು ಆಡುತ್ತಾ ಹಾಡುತ್ತಾ ತಾವೇ ನಾಟಕ ಕಟ್ಟುವುದನ್ನು ಮೈಸೂರಿಗರು ಬಲ್ಲರು. ತಮ್ಮ ಇಲಾಖೆಯೇ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಿಸಿದ ನಲಿ ಕಲಿ, ಸರ್ಕಾರಿ ಶಾಲೆಯ ಸಾಮಾನ್ಯ ಶಿಕ್ಷಕರು ಕೂಡಿ ರೂಪಿಸಿದ ಪದ್ಧತಿ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಮೆಟ್ಟಿಲು ಹತ್ತಲಿ, ಊರಿನ ಹಾಡು ಕಥೆಗಳು ತರಗತಿಯೊಳಗೆ ಬರಲಿ ಎಂಬ ಆ ವಿಚಾರ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಮೂರು ತರಗತಿಗಳಿಗೆ ಹರಡಿತು. ಮೂರನೆಯ ತರಗತಿಯವರೆಗೆ ತನ್ನದೇ ಹೆಜ್ಜೆಯಲ್ಲಿ ನಡೆಯುವ ಮಗು ನಾಲ್ಕನೆಯ ತರಗತಿಗೆ ಬಂದ ಕೂಡಲೇ ಎಲ್ಲರೊಂದಿಗೆ ಒಂದೇ ತಾಳಕ್ಕೆ ಕಾಲು ಹಾಕಬೇಕಾಗಿ ಬರುವುದು ನನಗೆ ಎಂದಿಗೂ ಸಮಾಧಾನ ತಂದಿಲ್ಲ.

ಆದ್ದರಿಂದ ಮುಂದಿನ ಸಾಲಿನ ಪ್ರತಿಭಾ ಕಾರಂಜಿಯ ಸುತ್ತೋಲೆ ಸಿದ್ಧವಾಗುವ ಮೊದಲು ಕೆಲವು ವಿಷಯಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ. ಆಶುಭಾಷಣದ ಚೀಟಿಗಳಲ್ಲಿ ಮಗುವಿನ ಸ್ವಂತ ಬದುಕಿಗೆ ಸೇರಿದ ವಿಷಯಗಳೇ ಇರಲಿ: ನಮ್ಮ ಮನೆಯ ನೀರು, ಗೋವಿನಜೋಳದ ರಾಶಿ ಮಾಡುವ ದಿನ, ಊರಿಗೆ ಬರುವ ಕೊನೆಯ ಬಸ್ಸು, ನಾನು ಕಂಡ ಒಂದು ಜಗಳ, ನಮ್ಮ ಶಾಲೆಯಲ್ಲಿ ಬದಲಾಗಬೇಕಾದ ಒಂದು ಸಂಗತಿ. ಮಾತು ಮುಗಿದ ಮೇಲೆ ತೀರ್ಪುಗಾರರು ಮಗುವನ್ನು ಒಂದೆರಡು ಪ್ರಶ್ನೆ ಕೇಳುವ ಅವಕಾಶವಿರಲಿ, ಏಕೆಂದರೆ ತನ್ನದಲ್ಲದ ಭಾಷಣ ಮೊದಲ ಪ್ರಶ್ನೆಗೇ ನಿಂತುಬಿಡುತ್ತದೆ, ತನ್ನದಾದ ಮಾತು ಪ್ರಶ್ನೆ ಬಂದಾಗ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಅಂಕದ ಹಾಳೆಯಲ್ಲಿ ಕನಿಷ್ಠ ಅರ್ಧದಷ್ಟು ಅಂಕ ಸ್ವಂತ ಅನುಭವ ಮತ್ತು ಸ್ವಂತ ವಿಚಾರಕ್ಕೆ ಮೀಸಲಾಗಲಿ. ಕಥೆ ಹೇಳುವ ಸ್ಪರ್ಧೆಯಲ್ಲಿ ಮನೆಯ ಹಿರಿಯರಿಂದ ಕೇಳಿದ ಕಥೆಗೂ ಮಗುವೇ ಕಟ್ಟಿದ ಕಥೆಗೂ ಆದ್ಯತೆ ಸಿಗಲಿ. ಜಾನಪದ ಗೀತೆಗೆ ಧ್ವನಿಮುದ್ರಿತ ಹಿನ್ನೆಲೆ ಸಂಗೀತವನ್ನು ಬಿಟ್ಟು, ಹಾಡು ಎಲ್ಲಿ ಯಾರಿಂದ ಕಲಿತದ್ದೆಂದು ಮಗು ಮೊದಲು ಹೇಳಲಿ. ಛದ್ಮವೇಷಕ್ಕೆ ಬಾಡಿಗೆಯ ಉಡುಪನ್ನು ಕೈಬಿಟ್ಟು ಮನೆಯಲ್ಲಿರುವ ಬಟ್ಟೆ, ಕಾಗದ, ಎಲೆ, ಚೀಲಗಳಿಂದ ಮಗು ತನ್ನ ಕೈಯಾರೆ ಮಾಡಿದ ವೇಷವನ್ನು ಮಾತ್ರ ಒಪ್ಪಿದರೆ, ಬಡವರ ಮನೆಯ ಮಗುವಿಗೂ ಬಾಗಿಲು ತೆರೆಯುತ್ತದೆ.

ಭಾಷೆಯ ವಿಷಯದಲ್ಲಿ ನನಗೆ ರಾಜಿಯಿಲ್ಲ. ಧಾರವಾಡ, ಕಲಬುರಗಿ, ಕುಂದಾಪುರ, ಚಾಮರಾಜನಗರ ಯಾವ ಕಡೆಯ ಕನ್ನಡವಾದರೂ ಮಗು ತನ್ನ ಮನೆಯ ಮಾತಿನಲ್ಲಿ ಯೋಚಿಸಿ ಅದೇ ಮಾತಿನಲ್ಲಿ ಹೇಳಿದಾಗ ಅಂಕ ಕಳೆಯಬಾರದು ಎಂದು ಸುತ್ತೋಲೆಯಲ್ಲೇ ಸ್ಪಷ್ಟವಾಗಿ ಬರೆಯಬೇಕು. ಗ್ರಾಂಥಿಕ ಕನ್ನಡವನ್ನು ಕಲಿಸುವುದು ನನ್ನ ವೃತ್ತಿಯಾಗಿತ್ತು, ಅದರ ಬೆಲೆ ನನಗೆ ಗೊತ್ತು. ಬರವಣಿಗೆಯಲ್ಲಿ ಅದನ್ನು ಕಲಿಸೋಣ. ಆದರೆ ಅನಿರೀಕ್ಷಿತವಾಗಿ ಎದ್ದು ನಿಂತು ಮಾತನಾಡು ಎಂದು ಕರೆದ ಮಗುವಿಗೆ ಆ ಕ್ಷಣದಲ್ಲಿ ಒದಗಿಬರುವುದು ಅವ್ವನ ಮಾತು. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಬ್ಯಾರಿ, ಲಂಬಾಣಿ, ಉರ್ದು ಆಡುವ ಮಕ್ಕಳು ಕನ್ನಡದಲ್ಲಿ ಮಾತನಾಡುವಾಗ ನಡುವೆ ಆ ನುಡಿಯ ಶಬ್ದಗಳು ಬಂದರೆ ಅವೂ ಹಾಗೆಯೇ ಉಳಿಯಲಿ.

ಕೊನೆಯದಾಗಿ, ಕ್ಲಸ್ಟರ್ ಮಟ್ಟದಲ್ಲಿ ಪ್ರಥಮ, ದ್ವಿತೀಯ, ತೃತೀಯಗಳನ್ನು ಒಂದು ವರ್ಷದ ಮಟ್ಟಿಗೆ ಪ್ರಾಯೋಗಿಕವಾಗಿ ಒಂದೆರಡು ತಾಲ್ಲೂಕುಗಳಲ್ಲಿ ನಿಲ್ಲಿಸಿ ನೋಡಬಹುದೇ ಎಂದು ವಿನಂತಿಸುತ್ತೇನೆ. ಆ ದಿನ ಎಲ್ಲ ಶಾಲೆಗಳ ಎಲ್ಲ ಮಕ್ಕಳೂ ತಮ್ಮದನ್ನು ತೋರಿಸಲಿ, ಹೇಳಲಿ, ಹಾಡಲಿ, ಪರಸ್ಪರ ನೋಡಿ ಕಲಿಯಲಿ. ತಾಲ್ಲೂಕಿಗೆ ಯಾರು ಹೋಗಬೇಕೆಂಬುದನ್ನು ಶಿಕ್ಷಕರೂ ಮಕ್ಕಳೂ ಕೂಡಿ ಆರಿಸಲಿ. ಇದರಿಂದ ಏನಾಗುತ್ತದೆಂದು ವರದಿ ಮಾಡಲು ಅನುಭವವಿರುವ ನಿವೃತ್ತ ಶಿಕ್ಷಕರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಕರೆದರೆ ಸಂಭಾವನೆಯಿಲ್ಲದೆ ಬರುತ್ತೇವೆ. ಹೊಸ ಅಂಕದ ಹಾಳೆಯ ಕರಡನ್ನು ಸಿದ್ಧಪಡಿಸುವ ಕೆಲಸವನ್ನು ತಾವು ಯಾರಿಗೆ ವಹಿಸಿದರೂ, ಅದನ್ನು ಅಂತಿಮಗೊಳಿಸುವ ಮೊದಲು ಶಿಕ್ಷಕರ ಮುಂದೆಯೂ ಮಕ್ಕಳ ಮುಂದೆಯೂ ಇಡಬೇಕೆಂದು, ಮತ್ತು ಈ ಪತ್ರಕ್ಕೆ ಇಲಾಖೆಯ ಉತ್ತರವನ್ನು ಬಹಿರಂಗವಾಗಿಯೇ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕ
ಹಾವೇರಿ ಜಿಲ್ಲೆ